ಎಂಬತ್ತು ಲಕ್ಷ ಪ್ರತಿಗಳ ಅಪರೂಪ

ಹಳೆಯ ವಸ್ತುಗಳ ಬೆಲೆಯ ಬಗ್ಗೆ ನಮ್ಮಲ್ಲಿ ಒಂದು ಸರಳ ನಂಬಿಕೆಯಿದೆ. ಕಡಿಮೆ ಉಳಿದದ್ದಕ್ಕೆ ಬೆಲೆ ಹೆಚ್ಚು, ಹೇರಳವಾಗಿ ಸಿಗುವುದಕ್ಕೆ ಬೆಲೆ ಕಡಿಮೆ. ಪುಣೆಯ ಜುನಾ ಬಜಾರಿನಲ್ಲಿ ಹಳೆಯ ನಾಣ್ಯಗಳನ್ನು ಹರವಿಕೊಂಡು ಕೂರುವ ವ್ಯಾಪಾರಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಈ ಲೆಕ್ಕಕ್ಕೆ ಸುಲಭವಾಗಿ ಸಿಗದ ಒಂದು ವಸ್ತುವಿನ ಬಗ್ಗೆ ನಾನು ಕೆಲವು ವರ್ಷಗಳಿಂದ ಓದುತ್ತಾ, ಕೇಳುತ್ತಾ ಬಂದಿದ್ದೇನೆ. ಅದು ‘ಗೋಲ್ಡನ್‌ಐ 007’ ಎಂಬ ವಿಡಿಯೋ ಗೇಮ್. ಗೂಢಚಾರ ಜೇಮ್ಸ್ ಬಾಂಡ್ ಆಗಿ ಶತ್ರುವಿನ ಕೋಟೆಯೊಳಗೆ ನುಗ್ಗುವ, ಗುಂಡು ಹಾರಿಸುವ ಆಟ. 1997ರ ಆಗಸ್ಟ್‌ನಲ್ಲಿ ನಿಂಟೆಂಡೊ 64 ಎಂಬ ಕನ್ಸೋಲ್‌ಗಾಗಿ ಬಂತು.

ಆ ಕನ್ಸೋಲ್ ಜಗತ್ತಿನಾದ್ಯಂತ ಮಾರಾಟವಾದದ್ದು ಸುಮಾರು 3.29 ಕೋಟಿ. ಗೋಲ್ಡನ್‌ಐ ಮಾರಾಟವಾದದ್ದು 80 ಲಕ್ಷಕ್ಕೂ ಹೆಚ್ಚು. ಅಂದರೆ ಸರಿಸುಮಾರು ಪ್ರತಿ ನಾಲ್ಕು ಯಂತ್ರಗಳಿಗೆ ಒಂದು ಪ್ರತಿ. ಆ ಯಂತ್ರದಲ್ಲಿ ಇದಕ್ಕಿಂತ ಹೆಚ್ಚು ಮಾರಾಟವಾದ ಆಟಗಳು ಎರಡೇ: ‘ಸೂಪರ್ ಮಾರಿಯೋ 64’ ಮತ್ತು ‘ಮಾರಿಯೋ ಕಾರ್ಟ್ 64’. ಅಪರೂಪ ಎನ್ನಲು ಯಾವ ಕಾರಣವೂ ಇಲ್ಲ. ಆದರೂ ಸಂಗ್ರಹಕಾರರ ಸಂತೆಯಲ್ಲಿ ಇದರ ಒಂದು ಪ್ರತಿ ಕೆಲವೇ ಹತ್ತು ಡಾಲರುಗಳಿಗೆ ಹೋದರೆ, ಇನ್ನೊಂದು ಅದರ ಎರಡು-ಮೂರು ಪಟ್ಟಿಗೆ, ಮತ್ತೊಂದು ಸಾವಿರಾರು ಡಾಲರಿಗೆ ಹೋಗುತ್ತದೆ. ಮೂರರೊಳಗೂ ಇರುವ ಆಟ ಒಂದೇ. ಇದನ್ನು ತಯಾರಿಸಿದ ಕಂಪನಿಯ ಹೆಸರು ರೇರ್, ಅಂದರೆ ಅಪರೂಪ ಎನ್ನುವುದು ಬೇರೆ ತಮಾಷೆ.

ಹಾಗಾದರೆ ಜನ ಹಣ ಕೊಡುವುದು ಯಾವುದಕ್ಕೆ? ಈ ಪ್ರಶ್ನೆಯ ಹಿಂದೆ ಹೋದರೆ ಒಂದು ಆಟದ ಚರಿತ್ರೆಯ ಜೊತೆಗೆ, ನಾವು ಏನನ್ನು ಎಸೆಯುತ್ತೇವೆ, ಏನನ್ನು ಬೀಗ ಹಾಕಿ ಇಡುತ್ತೇವೆ ಎನ್ನುವುದರ ಚರಿತ್ರೆಯೂ ಸಿಗುತ್ತದೆ.

ಹೊಸಬರು ಮಾಡಿದ ಆಟ

ಪಿಯರ್ಸ್ ಬ್ರಾಸ್ನನ್ ಮೊದಲ ಬಾರಿಗೆ ಬಾಂಡ್ ಆಗಿ ನಟಿಸಿದ ‘ಗೋಲ್ಡನ್‌ಐ’ ಚಿತ್ರ ತೆರೆಕಂಡದ್ದು 1995ರ ನವೆಂಬರ್‌ನಲ್ಲಿ. ಚಿತ್ರದ ಹೆಸರಿನ ಮೇಲೆ ಆಟ ಮಾಡುವುದೆಂದರೆ ಆ ಕಾಲದಲ್ಲಿ ಚಿತ್ರದ ಜೊತೆಯಲ್ಲೇ ಅವಸರವಾಗಿ ಒಂದನ್ನು ಹೊರತಂದು ನಾಲ್ಕು ಕಾಸು ಮಾಡಿಕೊಳ್ಳುವುದು ಎಂದೇ ಅರ್ಥ. ಈ ಆಟ ಮಾತ್ರ ಚಿತ್ರ ಬಂದು ಹೆಚ್ಚುಕಡಿಮೆ ಎರಡು ವರ್ಷವಾದ ಮೇಲೆ ಬಂತು. ಅಷ್ಟರಲ್ಲಿ ಮುಂದಿನ ಬಾಂಡ್ ಚಿತ್ರವೇ ತಯಾರಾಗುತ್ತಿತ್ತು.

ತಯಾರಿಸಿದವರು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಕಂಪನಿಯ ಒಂದು ಸಣ್ಣ ತಂಡ. ಮುಂದಾಳು ಮಾರ್ಟಿನ್ ಹಾಲಿಸ್. ತಂಡದ ಬಹುತೇಕರಿಗೆ ಇದು ಮೊದಲನೆಯ ಆಟ. ಡೇವಿಡ್ ಡೋಕ್ ಜೀವರಸಾಯನಶಾಸ್ತ್ರ ಓದಿ, ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಸೇರಿದ್ದವರು. ಆಟದ ಎರಡನೆಯ ಹಂತವಾದ ‘ಫೆಸಿಲಿಟಿ’ಯಲ್ಲಿ ಬಾಂಡ್‌ಗೆ ನೆರವಾಗುವ ಒಬ್ಬ ವಿಜ್ಞಾನಿ ಸಿಗುತ್ತಾನೆ. ಅವನ ಹೆಸರೂ ಡಾಕ್ಟರ್ ಡೋಕ್. ಶತ್ರು ಸೈನಿಕರ ಮುಖಗಳಿಗೆ ಅಂಟಿಸಿದ್ದೂ ಇದೇ ತಂಡದವರ, ಅವರ ಸಹೋದ್ಯೋಗಿಗಳ ಫೋಟೋಗಳನ್ನು.

ಮೊದಲ ಯೋಚನೆಯಲ್ಲಿ ಇದು ಸೆಗಾ ಕಂಪನಿಯ ‘ವರ್ಚುವಾ ಕಾಪ್’ ಮಾದರಿಯ ಆಟ. ಹಳಿಯ ಮೇಲೆ ಸಾಗಿದಂತೆ ಸಾಗುತ್ತಾ, ಎದುರಿಗೆ ಬಂದವರಿಗೆ ಗುಂಡು ಹೊಡೆಯುವುದಷ್ಟೇ. ಕೆಲಸ ಮುಂದುವರಿದಂತೆ ಹಳಿ ಕಳಚಿತು. ಆಟಗಾರ ತನಗೆ ಬೇಕಾದತ್ತ ನಡೆಯಬಹುದು, ಸದ್ದಿಲ್ಲದೆ ಹಿಂದಿನಿಂದ ಹೋಗಬಹುದು, ಕ್ಯಾಮೆರಾ ಒಡೆಯಬಹುದು, ದೂರದಿಂದ ತಲೆಗೋ ಕಾಲಿಗೋ ಗುರಿ ಇಡಬಹುದು ಎಂದಾಯಿತು. ತಂಡದವರು ಲೀವ್ಸ್‌ಡನ್‌ನಲ್ಲಿದ್ದ ಚಿತ್ರದ ಸೆಟ್‌ಗಳಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದರು. ಹಿಂದೆ ರೋಲ್ಸ್-ರಾಯ್ಸ್ ಕಾರ್ಖಾನೆಯಾಗಿದ್ದ ಜಾಗವದು. ಚಿತ್ರದಲ್ಲಿ ಒಂದೇ ದಿಕ್ಕಿನಿಂದ ಕಾಣುವ ಕೋಣೆಯನ್ನು ಆಟದಲ್ಲಿ ನಾಲ್ಕೂ ದಿಕ್ಕಿನಿಂದ ಕಟ್ಟಬೇಕಲ್ಲ. ಆ ಕನ್ಸೋಲೇ ಇನ್ನೂ ಪೂರ್ತಿ ತಯಾರಾಗಿರದ ದಿನಗಳಲ್ಲಿ, ಪ್ರತಿಸ್ಪರ್ಧಿ ಸೆಗಾದ ಕಂಟ್ರೋಲರನ್ನು ತಿದ್ದಿ ಜೋಡಿಸಿಕೊಂಡು ಆಡಿ ನೋಡಿದರು.

ನಾಲ್ವರು ಒಟ್ಟಿಗೆ ಆಡುವ ಭಾಗ ಸೇರಿದ್ದು ಕಡೆಯ ಗಳಿಗೆಯಲ್ಲಿ. ಬಿಡುಗಡೆಗೆ ಸುಮಾರು ಆರು ತಿಂಗಳಿರುವಾಗ ಸ್ಟೀವ್ ಎಲ್ಲಿಸ್ ಎಂಬ ಪ್ರೋಗ್ರಾಮರ್ ಅದನ್ನು ಬರೆದು ಕೂರಿಸಿದ. ಕೆಲಸ ಮಾಡುತ್ತದೆ ಎಂದು ಖಾತ್ರಿಯಾಗುವವರೆಗೆ ಮೇಲಿನವರಿಗೆ ತಿಳಿಸಿರಲಿಲ್ಲ ಎಂದು ತಂಡದವರೇ ಮುಂದೆ ಹೇಳಿಕೊಂಡಿದ್ದಾರೆ. ನಿಂಟೆಂಡೊ 64ರ ಮುಂಭಾಗದಲ್ಲೇ ನಾಲ್ಕು ಕಂಟ್ರೋಲರ್ ಸಿಕ್ಕಿಸುವ ಜಾಗಗಳಿದ್ದವು. ಟಿವಿ ಪರದೆಯನ್ನು ನಾಲ್ಕು ಚೌಕಗಳಾಗಿ ಸೀಳಿ, ಒಬ್ಬೊಬ್ಬರಿಗೆ ಒಂದೊಂದು ಚೌಕ. ಪಕ್ಕದವನ ಚೌಕವನ್ನು ಕದ್ದು ನೋಡಿದರೆ ಅವನು ಎಲ್ಲಿ ಅಡಗಿದ್ದಾನೆಂದು ಗೊತ್ತಾಗುತ್ತದೆ. ಎಲ್ಲರೂ ಕದ್ದು ನೋಡುತ್ತಾರೆ, ಎಲ್ಲರೂ ಇನ್ನೊಬ್ಬರನ್ನು ಬೈಯುತ್ತಾರೆ. ಆಟಕ್ಕೆ ಅಷ್ಟು ದೀರ್ಘ ಆಯುಸ್ಸು ಸಿಕ್ಕಿದ್ದು ಬಹುಮಟ್ಟಿಗೆ ಈ ಭಾಗದಿಂದ. ಕುಳ್ಳ ಆಡ್‌ಜಾಬ್‌ನನ್ನು ಆರಿಸಿಕೊಳ್ಳುವುದು ಮೋಸ ಎಂಬ ಜಗಳ ಸಾವಿರಾರು ಮನೆಗಳಲ್ಲಿ ನಡೆಯಿತು. 2018ರಲ್ಲಿ ಆಟ ಮಾಡಿದವರೇ ಹೌದು, ಅದು ಮೋಸವೇ ಎಂದು ಒಪ್ಪಿಕೊಂಡರು.

ಇನ್ನೊಂದು ಪ್ರಸಂಗವನ್ನು ಬಿಡಲು ಮನಸ್ಸಾಗುವುದಿಲ್ಲ. ನಿಂಟೆಂಡೊದ ಶಿಗೆರು ಮಿಯಾಮೊಟೊ, ಅಂದರೆ ಮಾರಿಯೋನನ್ನು ಸೃಷ್ಟಿಸಿದವರು, ರೇರ್‌ಗೆ ಒಂದು ಫ್ಯಾಕ್ಸ್ ಕಳಿಸಿದರಂತೆ. ಹತ್ತಿರದಿಂದ ಕೊಲ್ಲುವುದು ವಿಪರೀತವಾಯಿತು, ಕೊನೆಯಲ್ಲಿ ಬಾಂಡ್ ಆಸ್ಪತ್ರೆಗೆ ಹೋಗಿ ತಾನು ಹೊಡೆದವರ ಕೈಕುಲುಕಿದರೆ ಹೇಗೆ ಎಂದು ಅದರಲ್ಲಿತ್ತು. ಇದನ್ನು ಹಾಲಿಸ್ 2015ರಲ್ಲಿ ಒಂದು ಸಭೆಯಲ್ಲಿ ನೆನೆದರು. ಆಸ್ಪತ್ರೆ ಬರಲಿಲ್ಲ. ಆದರೆ ಸಿನಿಮಾದಲ್ಲಿ ಪಾತ್ರಧಾರಿಗಳ ಹೆಸರು ಬರುವಂತೆ ಆಟದ ಪಾತ್ರಗಳನ್ನೆಲ್ಲ ಪರಿಚಯಿಸುವ ಒಂದು ಸರಣಿ ಸೇರಿತು. ಇದು ಸಿನಿಮಾ, ಸತ್ತವರು ನಿಜವಾಗಿ ಸತ್ತಿಲ್ಲ ಎಂದು ಹೇಳುವ ರೀತಿ ಅದು.

ಪ್ಲಾಸ್ಟಿಕ್ ಉಳಿಯಿತು, ರಟ್ಟು ಹೋಯಿತು

ಆ ಹೊತ್ತಿಗೆ ಸೋನಿಯ ಪ್ಲೇಸ್ಟೇಷನ್, ಸೆಗಾದ ಸ್ಯಾಟರ್ನ್ ಎರಡೂ ಸಿಡಿಗೆ ಹೋಗಿದ್ದವು. ನಿಂಟೆಂಡೊ ಮಾತ್ರ ಕಾರ್ಟ್ರಿಜ್ ಬಿಡಲಿಲ್ಲ. ನಮ್ಮೂರುಗಳಲ್ಲಿ ಅದನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ನಾನೂ ಹಾಗೇ ಕರೆಯುತ್ತೇನೆ. ಗೋಲ್ಡನ್‌ಐ ಪೂರ್ತಿ ಹಿಡಿಸಿದ್ದು 12 ಮೆಗಾಬೈಟ್‌ನಲ್ಲಿ. ಇಂದು ಫೋನಿನಲ್ಲಿ ತೆಗೆದ ನಾಲ್ಕೈದು ಫೋಟೋಗಳಿಗೆ ಅಷ್ಟು ಜಾಗ ಬೇಕು.

ಕ್ಯಾಸೆಟ್ ಬಹಳ ಗಟ್ಟಿ ವಸ್ತು. ದಪ್ಪ ಬೂದು ಪ್ಲಾಸ್ಟಿಕ್, ಒಳಗೆ ಲೋಹದ ಕವಚ, ಅದರೊಳಗೆ ಚಿಪ್ಪು. ಮಕ್ಕಳು ಬೀಳಿಸಿದರೂ ಸಾಯುವುದಿಲ್ಲ. ಆದರೆ ಅದನ್ನಿಟ್ಟು ಕೊಡುತ್ತಿದ್ದ ಪೆಟ್ಟಿಗೆ ರಟ್ಟಿನದು. ಅಮೆರಿಕದ ಮನೆಯಲ್ಲಿ ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಬಂದ ಪೆಟ್ಟಿಗೆಯನ್ನು ಮಗು ಹರಿದು ತೆಗೆಯಿತು, ತಾಯಿ ಮರುದಿನ ಕಸಕ್ಕೆ ಹಾಕಿದಳು. ಕ್ಯಾಸೆಟ್ ಮಾತ್ರ ಟಿವಿಯ ಕೆಳಗಿನ ಗೂಡಿನಲ್ಲಿ ಉಳಿಯಿತು.

ಇಂದಿನ ಬೆಲೆಪಟ್ಟಿಯ ಬುಡ ಇಲ್ಲೇ ಇದೆ. ಎಂಬತ್ತು ಲಕ್ಷ ಕ್ಯಾಸೆಟ್‌ಗಳ ದೊಡ್ಡ ಪಾಲು ಇಂದಿಗೂ ಬದುಕಿವೆ. ಆದ್ದರಿಂದ ಬಿಡಿ ಕ್ಯಾಸೆಟ್ ಅಗ್ಗ. ಪೆಟ್ಟಿಗೆ ಮತ್ತು ಕೈಪಿಡಿ ಸಮೇತ ಇರುವ ಪ್ರತಿ ಬೆಲೆಯಲ್ಲಿ ಒಂದೇ ಸಲ ಮೇಲೇರುತ್ತದೆ. ಹೆಚ್ಚುವರಿ ಹಣ ಹೋಗುವುದು ಆಟಕ್ಕಲ್ಲ, ರಟ್ಟಿಗೆ. ಆ ರಟ್ಟಿನಲ್ಲೂ ಮೇಲುಕೀಳುಗಳಿವೆ. ಚೆನ್ನಾಗಿ ಮಾರಾಟವಾದ ಆಟಗಳನ್ನು ನಿಂಟೆಂಡೊ ‘ಪ್ಲೇಯರ್ಸ್ ಚಾಯ್ಸ್’ ಎಂಬ ಪಟ್ಟಿ ಹಚ್ಚಿ ಮತ್ತೆ ಮಾರುತ್ತಿತ್ತು. ಜನಪ್ರಿಯತೆಯ ಆ ಮುದ್ರೆ ಇರುವ ಪೆಟ್ಟಿಗೆಗಿಂತ ಅದಿಲ್ಲದ ಮೊದಲ ಪೆಟ್ಟಿಗೆಯೇ ಸಂಗ್ರಹಕಾರರಿಗೆ ಇಷ್ಟ. ವಿಡಿಯೋ ಬಾಡಿಗೆ ಅಂಗಡಿಯ ಸ್ಟಿಕ್ಕರ್ ಇದ್ದರೆ, ಯಾರೋ ಹುಡುಗ ಮಾರ್ಕರ್ ಪೆನ್ನಿನಲ್ಲಿ ತನ್ನ ಹೆಸರು ಬರೆದಿದ್ದರೆ ಬೆಲೆ ಇಳಿಯುತ್ತದೆ.

ನಿಜವಾಗಿ ಕಡಿಮೆ ಇರುವ ಆಟಗಳ ಲೆಕ್ಕ ಬೇರೆ. ಇದೇ ರೇರ್ ಕಂಪನಿ 2001ರಲ್ಲಿ, ಕನ್ಸೋಲ್‌ನ ಕೊನೆಗಾಲದಲ್ಲಿ, ‘ಕಾಂಕರ್ಸ್ ಬ್ಯಾಡ್ ಫರ್ ಡೇ’ ಎಂಬ ಆಟ ತಂದಿತು. ಹೆಚ್ಚು ಮಾರಾಟವಾಗಲಿಲ್ಲ; ಇಂದು ಅದರ ಬಿಡಿ ಕ್ಯಾಸೆಟ್ಟೇ ಗೋಲ್ಡನ್‌ಐಗಿಂತ ಹಲವು ಪಟ್ಟು ದುಬಾರಿ. ‘ಕ್ಲೇಫೈಟರ್’ ಸರಣಿಯ ‘ಸ್ಕಲ್ಪ್ಟರ್ಸ್ ಕಟ್’ ಆವೃತ್ತಿಯನ್ನು 1998ರಲ್ಲಿ ಅಮೆರಿಕದ ಬ್ಲಾಕ್‌ಬಸ್ಟರ್ ಬಾಡಿಗೆ ಅಂಗಡಿಗಳಿಗಾಗಿಯೇ ತಯಾರಿಸಿದ್ದರಿಂದ ಅದೂ ಬಲು ದುಬಾರಿ. ಅಲ್ಲಿ ನಮ್ಮ ನಾಣ್ಯದ ವ್ಯಾಪಾರಿಯ ಮಾತು ನಿಜ. ಗೋಲ್ಡನ್‌ಐ ವಿಚಾರದಲ್ಲಿ ಕೊರತೆ ಇರುವುದು ವಸ್ತುವಿನಲ್ಲಲ್ಲ, ಅದರ ಸ್ಥಿತಿಯಲ್ಲಿ.

ಬೀಗ ಬಿದ್ದ ಇಪ್ಪತ್ತು ವರ್ಷ

ಬೆಲೆಗೆ ಇನ್ನೊಂದು ಕಾರಣ ಕಾನೂನಿನದು. ಬಾಂಡ್ ಪಾತ್ರದ ಹಕ್ಕು ಚಿತ್ರ ತಯಾರಿಸುವವರ ಕೈಯಲ್ಲಿ. ಆಟ ಹೊರತಂದದ್ದು ನಿಂಟೆಂಡೊ. ಬರೆದದ್ದು ರೇರ್. ಮುಂದೆ ಬಾಂಡ್ ಆಟಗಳ ಪರವಾನಗಿ ಎಲೆಕ್ಟ್ರಾನಿಕ್ ಆರ್ಟ್ಸ್‌ಗೆ ಹೋಯಿತು. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟು ರೇರ್ ಅನ್ನೇ ಕೊಂಡಿತು. ಆ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಮಾರುತ್ತಾ ನಿಂಟೆಂಡೊಗೆ ಎದುರಾಳಿಯಾಗಿತ್ತು. ಅವಿಭಕ್ತ ಕುಟುಂಬ ಒಡೆದ ಮೇಲೆ ಹಿತ್ತಿಲಿನ ಮಾವಿನ ಮರ ಯಾರದೆಂದು ತೀರ್ಮಾನವಾಗದೆ ಹಣ್ಣು ಕೊಳೆಯುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಇಲ್ಲಿ ಆದದ್ದೂ ಅದೇ.

2008ರ ಹೊತ್ತಿಗೆ ಎಕ್ಸ್‌ಬಾಕ್ಸ್‌ಗಾಗಿ ಆಟದ ಹೊಸ ಆವೃತ್ತಿಯೊಂದು ಹೆಚ್ಚುಕಡಿಮೆ ಪೂರ್ತಿಯಾಗಿತ್ತು. ಎಲ್ಲ ಪಕ್ಷಗಳೂ ಒಪ್ಪದೆ ಕಪಾಟು ಸೇರಿತು. 2021ರಲ್ಲಿ ಸೋರಿಕೆಯಾಗಿ ಹೊರಬಂತು. 2010ರಲ್ಲಿ ಅದೇ ಹೆಸರಿನಲ್ಲಿ ವೀ ಕನ್ಸೋಲ್‌ಗೆ ಬಂದದ್ದು ಬೇರೆಯೇ ಆಟ, ಅದರ ಬಾಂಡ್ ಡೇನಿಯಲ್ ಕ್ರೇಗ್. ಮೂಲ ಆಟವನ್ನು ಹೊಸ ಯಂತ್ರಗಳಲ್ಲಿ ಕಾನೂನುಬದ್ಧವಾಗಿ ಆಡಲು ಸಾಧ್ಯವಾದದ್ದು 2023ರ ಜನವರಿ 27ರಂದು, ನಿಂಟೆಂಡೊ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಎರಡರಲ್ಲೂ. ಅಲ್ಲೂ ಹಂಚಿಕೆಯ ಗುರುತುಗಳು ಕಾಣುತ್ತವೆ. ಅಂತರ್ಜಾಲದ ಮೂಲಕ ನಾಲ್ವರು ಆಡುವ ಸೌಲಭ್ಯ ಸ್ವಿಚ್‌ನಲ್ಲಿ ಇತ್ತು, ಎಕ್ಸ್‌ಬಾಕ್ಸ್‌ನಲ್ಲಿ ಇರಲಿಲ್ಲ.

ಅಲ್ಲಿಯವರೆಗೆ ಈ ಆಟವನ್ನು ಪ್ರಾಮಾಣಿಕವಾಗಿ ಆಡಬೇಕೆಂದರೆ ಹಳೆಯ ಕ್ಯಾಸೆಟ್ ಕೊಳ್ಳುವುದೊಂದೇ ದಾರಿಯಾಗಿತ್ತು. ಹಾಗಾಗಿ ಬಿಡಿ ಕ್ಯಾಸೆಟ್‌ನ ಬೆಲೆಯಲ್ಲಿ ಬಹುಪಾಲು, ಆಡಬೇಕೆನ್ನುವವರ ಆಸೆಯ ಬೆಲೆ. ಅದು ನ್ಯಾಯವಾದ ಬೆಲೆ ಎಂದೇ ನನಗನಿಸುತ್ತದೆ.

ನಾಣ್ಯಶಾಸ್ತ್ರ ಆಟಿಕೆಗೆ ಬಂದದ್ದು

ಸಾವಿರಾರು ಡಾಲರಿನ ಪ್ರತಿಯ ದಾರಿ ಬೇರೆ. ಅದು ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಹರಿಯದ ಪ್ರತಿ. ಯಾರೂ ತೆರೆದಿಲ್ಲ, ಯಾರೂ ಆಡಿಲ್ಲ.

ಇದರ ಮೂಲ ಅಮೆರಿಕದ ನಾಣ್ಯ ಸಂಗ್ರಹದಲ್ಲಿದೆ. ನಾಣ್ಯದ ಸ್ಥಿತಿಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮೊಹರು ಮಾಡುವ ಪಿಸಿಜಿಎಸ್ ಎಂಬ ಸಂಸ್ಥೆ 1986ರಲ್ಲಿ ಶುರುವಾಯಿತು. ಕೊಳ್ಳುವವನು ನಾಣ್ಯ ಪರೀಕ್ಷಿಸುವ ವಿದ್ಯೆ ಕಲಿಯಬೇಕಾಗಿಲ್ಲ, ಡಬ್ಬಿಯ ಮೇಲಿನ ಅಂಕ ಓದಿದರೆ ಸಾಕು. 1991ರಲ್ಲಿ ಕ್ರೀಡಾಪಟುಗಳ ಚಿತ್ರವಿರುವ ಕಾರ್ಡುಗಳಿಗೆ, 2000ದಲ್ಲಿ ಕಾಮಿಕ್ಸ್‌ಗಳಿಗೆ ಇದೇ ಪದ್ಧತಿ ಬಂತು. ವಿಡಿಯೋ ಗೇಮ್‌ಗಳಿಗೆ ಮೊದಲು ವಿಜಿಎ, ಬಳಿಕ 2018ರಿಂದ ವಾಟಾ ಎಂಬ ಸಂಸ್ಥೆ ಅಂಕ ಕೊಡತೊಡಗಿದವು. ವಾಟಾ ಪೆಟ್ಟಿಗೆಗೆ ಹತ್ತರವರೆಗೆ ಅಂಕ, ಪ್ಲಾಸ್ಟಿಕ್ ಹೊದಿಕೆಗೆ ಎ ಪ್ಲಸ್ ಪ್ಲಸ್‌ವರೆಗೆ ದರ್ಜೆ ಕೊಡುತ್ತದೆ. ಹೊದಿಕೆ ಹರಿಯದ ಪ್ರತಿಯ ಒಳಗಿನ ಚಿಪ್ಪು ಕೆಲಸ ಮಾಡುತ್ತದೆಯೇ ಎಂದು ನೋಡಲು ದಾರಿಯಿಲ್ಲ. ತೆರೆದರೆ ಬೆಲೆ ಹೋಯಿತು.

ನಂತರದ ಓಟ ಬೆರಗುಗೊಳಿಸುವಂಥದ್ದು. 2019ರ ಫೆಬ್ರವರಿಯಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ನ ಮೊಹರು ಒಡೆಯದ ಪ್ರತಿಯೊಂದು 1,00,150 ಡಾಲರಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಅದೇ ಆಟದ ಬೇರೊಂದು ಪ್ರತಿ 6,60,000 ಡಾಲರಿಗೆ. ಅದೇ ಜುಲೈನಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ, 9.8 ಅಂಕದ ‘ಸೂಪರ್ ಮಾರಿಯೋ 64’ 15.6 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಮೇಲೆ. ಆ ಕನ್ಸೋಲ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಟ ಅದು. ಗೋಲ್ಡನ್‌ಐಗಿಂತಲೂ ಸಾಮಾನ್ಯ ವಸ್ತು. ಈ ಸುದ್ದಿಗಳ ನಂತರ ಅಟ್ಟದಿಂದ ಹಳೆಯ ಪೆಟ್ಟಿಗೆಗಳನ್ನು ಇಳಿಸಿ ನೋಡದ ಅಮೆರಿಕನ್ ಮನೆ ಕಡಿಮೆ ಇರಬೇಕು.

ಆ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಯೂಟ್ಯೂಬರ್ ಕಾರ್ಲ್ ಜಾಬ್ಸ್ಟ್, ಅಂಕ ಕೊಡುವವರೂ ಹರಾಜು ಹಾಕುವವರೂ ಸೇರಿ ಬೆಲೆ ಉಬ್ಬಿಸುತ್ತಿದ್ದಾರೆ ಎಂದು ಆರೋಪಿಸಿದ. ಎರಡೂ ಸಂಸ್ಥೆಗಳು ಅಲ್ಲಗಳೆದವು. 2022ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗ್ರಾಹಕರು ವಾಟಾ ಮೇಲೆ ಮೊಕದ್ದಮೆ ಹೂಡಿದರು. ಸರಿ-ತಪ್ಪಿನ ತೀರ್ಪು ನನ್ನ ಕೆಲಸವಲ್ಲ. ನನ್ನ ಗಮನ ಸೆಳೆದದ್ದು ಆರೋಪ ಮಾಡಿದವನ ಹಿನ್ನೆಲೆ. ಅವನು ಗೋಲ್ಡನ್‌ಐಯನ್ನು ಅತಿ ವೇಗವಾಗಿ ಆಡಿ ಮುಗಿಸುವವರಲ್ಲಿ ಒಬ್ಬ.

ಈ ಆಟದ ಮೊದಲ ಹಂತ ಒಂದು ಅಣೆಕಟ್ಟು. ಅದನ್ನು 53 ಸೆಕೆಂಡಿನಲ್ಲಿ ಮುಗಿಸಿದ ದಾಖಲೆ 2002ರಲ್ಲಿ ಆಯಿತು. ಹದಿನೈದು ವರ್ಷ ಜಗತ್ತಿನ ಯಾರಿಗೂ ಅದನ್ನು ಮುರಿಯಲಾಗಲಿಲ್ಲ. 2017ರ ಡಿಸೆಂಬರ್‌ನಲ್ಲಿ ಜಾಬ್ಸ್ಟ್ 52 ಸೆಕೆಂಡಿನಲ್ಲಿ ಮುಗಿಸಿದ. ಹೀಗೆ ಆಡುವವರು ಹೆಚ್ಚಿನ ಹೊತ್ತು ನೆಲವನ್ನು ನೋಡಿಕೊಂಡೇ ಓಡುತ್ತಾರೆ. ದೂರದ ಬೆಟ್ಟ, ಗೋಡೆ, ಮರಗಳನ್ನು ಬಿಡಿಸುವ ಕೆಲಸ ತಪ್ಪಿದರೆ ಆ ಹಳೆಯ ಯಂತ್ರ ಸ್ವಲ್ಪ ಚುರುಕಾಗುತ್ತದೆ, ಅಷ್ಟರಿಂದ ಸೆಕೆಂಡಿನ ಪಾಲು ಉಳಿಯುತ್ತದೆ. ಯಂತ್ರದ ಉಸಿರಾಟ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ವಿದ್ಯೆ. ವಸ್ತುವನ್ನು ಇಷ್ಟು ತಿಳಿದವನಿಗೂ, ಅದರ ಹೊದಿಕೆಯ ಅಂಕ ಓದಿ ಕೊಳ್ಳುವವನಿಗೂ ನಡುವೆ ಜಗಳ ಬಂದದ್ದು ನನಗೆ ಆಕಸ್ಮಿಕ ಎನಿಸಲಿಲ್ಲ.

ತೆರೆದರೆ ಏನು ಸಿಗುತ್ತದೆ

ನನ್ನ ಬಳಿ ಒಂದು ಬಿಡಿ ಕ್ಯಾಸೆಟ್ ಇದೆ. ನ್ಯೂಜೆರ್ಸಿಯಲ್ಲಿ ಕೆಲವು ವರ್ಷವಿದ್ದು ಪುಣೆಗೆ ವಾಪಸಾದ ಸಹೋದ್ಯೋಗಿಯೊಬ್ಬರು, ಅಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ಕನ್ಸೋಲ್ ಸಮೇತ ನನಗೆ ಕೊಟ್ಟರು. 110 ವೋಲ್ಟ್‌ನ ಯಂತ್ರವಾದ್ದರಿಂದ ಒಂದು ಟ್ರಾನ್ಸ್‌ಫಾರ್ಮರ್ ಬೇಕಾಯಿತು. ಕ್ಯಾಸೆಟ್ ಅಸಲಿಯೇ ಎಂದು ನೋಡಲು 3.8 ಮಿಲಿಮೀಟರಿನ ವಿಶೇಷ ಸ್ಕ್ರೂಡ್ರೈವರ್ ತರಿಸಿ ಬಿಚ್ಚಿದೆ. ಅಸಲಿಯಲ್ಲಿ ಲೋಹದ ಕವಚ ಇರುತ್ತದೆ, ಹಲಗೆಯ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ನಕಲಿಗಳು ಹಲವು ಬಾರಿ ಕವಚ ಬಿಟ್ಟು ಖರ್ಚು ಉಳಿಸುತ್ತವೆ. ನನ್ನದರಲ್ಲಿ ಎರಡೂ ಇದ್ದವು.

ಮತ್ತೆ ಮುಚ್ಚಿ ಆಟ ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಕಾಲದ ಕೆಲವು ಕ್ಯಾಸೆಟ್‌ಗಳು ಆಟಗಾರನ ಪ್ರಗತಿಯನ್ನು ಒಂದು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ಸತ್ತರೆ ನೆನಪೂ ಹೋಗುತ್ತದೆ. ಗೋಲ್ಡನ್‌ಐಯಲ್ಲಿ ಬ್ಯಾಟರಿ ಇಲ್ಲ. ವಿದ್ಯುತ್ತಿಲ್ಲದೆಯೂ ಉಳಿಯುವ ಚಿಪ್ಪು ಇದೆ. ಹಾಗಾಗಿ ಹಳೆಯ ಮಾಲೀಕನ ಲೆಕ್ಕ ಹಾಗೇ ಇತ್ತು. ಆಟದಲ್ಲಿ ನಾಲ್ಕು ಕಡತಗಳು. ಎರಡು ಖಾಲಿ. ಒಂದರಲ್ಲಿ ಯಾರೋ ಮೂರು ಹಂತ ಆಡಿ ಬಿಟ್ಟಿದ್ದರು. ಇನ್ನೊಂದರಲ್ಲಿ ಎಲ್ಲ ಹಂತಗಳೂ ಮುಗಿದಿದ್ದವು, ಮತ್ತು ಸಾವೇ ಬಾರದಂತೆ ಆಡುವ ಗುಟ್ಟಿನ ಸೌಲಭ್ಯ ತೆರೆದಿತ್ತು.

ಆ ಸೌಲಭ್ಯ ಪುಕ್ಕಟೆ ಸಿಗುವುದಿಲ್ಲ. ‘ಫೆಸಿಲಿಟಿ’ ಹಂತವನ್ನು ಅತಿ ಕಷ್ಟದ ಮಟ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಬೇಕು. ಡಾಕ್ಟರ್ ಡೋಕ್ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತಾನೆ. ಅವನು ದೂರದಲ್ಲಿದ್ದರೆ ಎಷ್ಟೇ ಚೆನ್ನಾಗಿ ಆಡಿದರೂ ಸಮಯ ಮೀರುತ್ತದೆ. ನಾನು ಮೂರು ವಾರಾಂತ್ಯ ಪ್ರಯತ್ನಿಸಿದ್ದೇನೆ, ಇನ್ನೂ ಆಗಿಲ್ಲ. ಆಟದ ಕಡತಗಳಲ್ಲಿ ಹೆಸರು ಬರೆಯುವ ಜಾಗವಿಲ್ಲ. ಇದನ್ನು ಸಾಧಿಸಿದವರು ಹುಡುಗನೋ ಹುಡುಗಿಯೋ, ಯಾವ ವರ್ಷವೋ ತಿಳಿಯುವ ದಾರಿಯಿಲ್ಲ. ಆದರೆ ಯಾರೋ ಒಬ್ಬರು ಶಾಲೆ ಬಿಟ್ಟು ಬಂದು, ದಿನಗಟ್ಟಲೆ ಸೋತು, ಒಂದು ಸಂಜೆ ಗೆದ್ದರು ಎಂಬ ದಾಖಲೆ ನನ್ನ ಕೈಯಲ್ಲಿದೆ. ಅದನ್ನು ಅಳಿಸಿಲ್ಲ. ನಾನೂ ಗೆಳೆಯರೂ ಖಾಲಿ ಕಡತದಲ್ಲಿ ಆಡುತ್ತೇವೆ. ಸಂತೆಯ ಲೆಕ್ಕದಲ್ಲಿ ಈ ದಾಖಲೆಗೆ ಬೆಲೆ ಇಲ್ಲ. ಬಳಸಿದ ಪ್ರತಿ ಎಂಬ ಒಂದೇ ಪದದೊಳಗೆ ಅದು ಮುಳುಗಿಹೋಗುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ದೊಡ್ಡದು. ರೇರ್ ಕಂಪನಿಯ ಸ್ಥಾಪಕರು 1980ರ ದಶಕದಲ್ಲಿ ‘ಅಲ್ಟಿಮೇಟ್’ ಎಂಬ ಹೆಸರಿನಲ್ಲಿ, ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಬ್ರಿಟಿಷ್ ಮನೆ-ಕಂಪ್ಯೂಟರಿಗೆ ಆಟಗಳನ್ನು ಮಾಡುತ್ತಿದ್ದರು. ನಿಂಟೆಂಡೊ 64ರ ಒಳಗೆ ಆ ಕಂಪ್ಯೂಟರನ್ನು ಅನುಕರಿಸಬಹುದೇ ಎಂದು ರೇರ್‌ನಲ್ಲಿ ಒಂದು ಪ್ರಯೋಗ ನಡೆದಿತ್ತು. ಆ ಅನುಕರಣೆಯ ಪ್ರೋಗ್ರಾಮು, ಜೊತೆಗೆ ಆ ಹಳೆಯ ಆಟಗಳಲ್ಲಿ ಕೆಲವು, ನಿಷ್ಕ್ರಿಯ ಸ್ಥಿತಿಯಲ್ಲಿ ಗೋಲ್ಡನ್‌ಐ ಕ್ಯಾಸೆಟ್‌ನೊಳಗೇ ಉಳಿದುಬಿಟ್ಟವು. ಜಗತ್ತಿಗೆ ಇದು ಗೊತ್ತಾದದ್ದು 2012ರಲ್ಲಿ, ಉತ್ಸಾಹಿಗಳು ಚಿಪ್ಪಿನ ದತ್ತಾಂಶವನ್ನು ಸಾಲುಸಾಲಾಗಿ ಓದಿದಾಗ. ಲಕ್ಷಾಂತರ ಮನೆಗಳಲ್ಲಿ ಹದಿನೈದು ವರ್ಷ ಒಂದು ಹಳೆಯ ಕಂಪ್ಯೂಟರಿನ ನೆರಳು ಮಲಗಿತ್ತು. 9.8 ಅಂಕ ಪಡೆದು ಡಬ್ಬಿಯಲ್ಲಿ ಕುಳಿತ ಪ್ರತಿಯಲ್ಲೂ ಅದು ಇರಬೇಕು. ಆದರೆ ಅದು ಇದೆಯೆಂದು ನಮಗೆ ತಿಳಿಸಿದ್ದು ತೆರೆದ ಪ್ರತಿ.

ನಮ್ಮ ಹಳೆಯ ಮನೆಗಳಲ್ಲಿ ದೇವರ ಗೂಡಿನಲ್ಲಿ ಓಲೆಗರಿಯ ಕಟ್ಟೊಂದನ್ನು ಇಟ್ಟು, ಅರಿಶಿನ-ಕುಂಕುಮ ಹಚ್ಚಿ, ತಲೆಮಾರುಗಟ್ಟಲೆ ಬಿಚ್ಚದೆ ಪೂಜಿಸುವುದಿತ್ತು. ಕಟ್ಟು ಸುರಕ್ಷಿತವಾಗಿತ್ತು, ನಿಜ. ಒಳಗೆ ಏನಿದೆಯೆಂದು ತಿಳಿದದ್ದು ಯಾರೋ ಬಂದು ಬಿಚ್ಚಿ, ಓದಿ, ಪ್ರತಿ ಮಾಡಿದ ದಿನ. ಮೊಹರಿನ ಪ್ರತಿಗಳು ಇರಬಾರದೆಂದು ನಾನು ಹೇಳುತ್ತಿಲ್ಲ. 1997ರ ಅಂಗಡಿಯ ಶೆಲ್ಫಿನಲ್ಲಿ ಈ ವಸ್ತು ಹೇಗೆ ಕಾಣುತ್ತಿತ್ತು ಎಂದು ತಿಳಿಯಲು ಕೆಲವಾದರೂ ಬೇಕು. ಆದರೆ ಸಂರಕ್ಷಣೆ ಎಂದರೆ ಅದೊಂದೇ ಎಂದುಕೊಂಡು, ಆಡಿದ ಪ್ರತಿಯನ್ನು ಕೆಳದರ್ಜೆಯದು ಎನ್ನುವುದು ಚರಿತ್ರೆಯ ದೃಷ್ಟಿಯಿಂದ ತಲೆಕೆಳಗಾದ ಲೆಕ್ಕ. 2025ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯ ಈ ಆಟವನ್ನು ವಿಶ್ವ ವಿಡಿಯೋ ಗೇಮ್ ಗೌರವಪಟ್ಟಿಗೆ ಸೇರಿಸಿತು. ಅದು ಜನ ಆಡಿದ್ದಕ್ಕೆ ಸಂದ ಗೌರವ.

ಪೆಟ್ಟಿಗೆ ಇಲ್ಲದ ಬಾಲ್ಯ

ಈ ಇಡೀ ಸಂತೆಯಲ್ಲಿ ನಮ್ಮಂಥವರ ಜಾಗ ಎಲ್ಲಿ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ತೊಂಬತ್ತರ ದಶಕದ ದಾವಣಗೆರೆಯಲ್ಲಿ ನಾನು ಒಂದೇ ಒಂದು ನಿಂಟೆಂಡೊ 64 ನೋಡಿರಲಿಲ್ಲ. ನಮಗಿದ್ದದ್ದು ಅದರ ಅಜ್ಜನ ಕಾಲದ ನಿಂಟೆಂಡೊ ಯಂತ್ರದ ನಕಲುಗಳು. ಹಳದಿ ಕ್ಯಾಸೆಟ್, ಅದರ ಮೇಲೆ ‘9999 ಇನ್ 1’, ಒಳಗೆ ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯುವ ಆಟ, ಆಮೇಲೆ ಅವೇ ಮತ್ತೆ ಮತ್ತೆ. ಬೇಸಿಗೆ ರಜೆಯಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆ.

ಗೂಢಚಾರನಾಗಿ ಗುಂಡು ಹಾರಿಸುವ ಆಟ ನಮ್ಮ ತಲೆಮಾರಿಗೆ ಬಂದದ್ದು ಕಂಪ್ಯೂಟರಿನಲ್ಲಿ, ‘ಪ್ರಾಜೆಕ್ಟ್ ಐಜಿಐ’ ರೂಪದಲ್ಲಿ. ನಾರ್ವೆಯ ಇನ್ನರ್‌ಲೂಪ್ ಎಂಬ ಸಣ್ಣ ಸಂಸ್ಥೆ 2000ದ ಕೊನೆಯಲ್ಲಿ ತಂದ ಆಟ. ನಾಯಕ ಡೇವಿಡ್ ಜೋನ್ಸ್. ಹಂತದ ನಡುವೆ ಸೇವ್ ಮಾಡುವಂತಿಲ್ಲ, ಸತ್ತರೆ ಮೊದಲಿಂದ. ಅದರಲ್ಲಿ ನಾಲ್ವರು ಒಟ್ಟಿಗೆ ಆಡುವ ಸೌಲಭ್ಯವೂ ಇರಲಿಲ್ಲ. ಆದರೂ ಒಬ್ಬ ಆಡುವಾಗ ಹಿಂದೆ ನಾಲ್ವರು ನಿಂತು, ‘ಎಡಕ್ಕೆ ನೋಡಲೇ, ಟವರ್ ಮೇಲೆ ಒಬ್ಬನಿದಾನೆ’ ಎಂದು ಕೂಗುತ್ತಿದ್ದೆವು. ಈ ಬರಹ ಓದುತ್ತಿರುವ ಹಲವರು ಆ ನಾಲ್ವರಲ್ಲಿ ಒಬ್ಬರಾಗಿದ್ದೀರಿ ಎಂದು ಧೈರ್ಯವಾಗಿ ಹೇಳಬಲ್ಲೆ.

ಆ ಆಟದ ಪೆಟ್ಟಿಗೆಯನ್ನು ನಾವು ಕಂಡೆವೇ? ನಾವು ಕಂಡದ್ದು ಬರಿಯ ಸಿಡಿ, ಅದರ ಮೇಲೆ ಮಾರ್ಕರಿನಲ್ಲಿ ‘ಐಜಿಐ’ ಎಂಬ ಮೂರು ಅಕ್ಷರ. ಅಂಕ ಕೊಡುವ ಸಂಸ್ಥೆಗೆ ಅದು ಕಸ. ಕಾನೂನಿನ ಕಣ್ಣಿಗೆ ಕಳ್ಳಮಾಲು. ಆದರೆ ಈ ದೇಶದ ಒಂದು ತಲೆಮಾರು ಕಂಪ್ಯೂಟರನ್ನು ಹೇಗೆ ಮುಟ್ಟಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಸಂಗ್ರಹಕಾರರ ಬೆಲೆಪಟ್ಟಿಯಲ್ಲಿ ಇರುವುದು ಪೆಟ್ಟಿಗೆ ಇದ್ದ ಬಾಲ್ಯಗಳು ಮಾತ್ರ. ಪೆಟ್ಟಿಗೆ ಇಲ್ಲದ ಬಾಲ್ಯಗಳ ವಸ್ತುಗಳನ್ನು ಯಾರೂ ಡಬ್ಬಿಯಲ್ಲಿ ಮುಚ್ಚುವುದಿಲ್ಲ, ಹರಾಜಿಗೂ ಇಡುವುದಿಲ್ಲ. ಅವು ಸದ್ದಿಲ್ಲದೆ ಗುಜರಿಗೆ ಹೋಗುತ್ತವೆ.

ಆದ್ದರಿಂದ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಈ ದೀಪಾವಳಿಗೆ ಮುಂಬಯಿಯಿಂದ, ಚೆನ್ನೈಯಿಂದ, ದೆಹಲಿಯಿಂದ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಹಳದಿ ಕ್ಯಾಸೆಟ್, ತುಕ್ಕು ಹಿಡಿದ ಜಾಯ್‌ಸ್ಟಿಕ್, ಕೈಬರಹದ ಸಿಡಿ ಸಿಕ್ಕರೆ ಎಸೆಯಬೇಡಿ. ಯಾವ ಅಂಗಡಿಯದು, ಬಾಡಿಗೆ ಎಷ್ಟು, ಯಾರ ಜೊತೆ ಆಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಅಮ್ಮನನ್ನೂ ಕೇಳಿ, ನೀವು ಮರೆತ ಅಂಗಡಿಯವನ ಹೆಸರು ಅವರಿಗೆ ನೆನಪಿರುತ್ತದೆ.